ನಾಲ್ಕನೆಯ ದಿನದ ಸೆಲ್ಲು

ಫೆಬ್ರವರಿ 24, ಸೋಮವಾರ

ಹದಿನೆಂಟು ದಿನಗಳಾದ ಮೇಲೆ ಇವತ್ತು ಅಂಗಡಿ ತೆಗೆದೆ. ಷಟರ್ ಬಿಗಿದುಕೊಂಡಿತ್ತು. ಎದುರು ಅಂಗಡಿಯ ರೇಡಿಯೋ ರಿಪೇರಿಯವರು ಬಂದು ಒಂದು ಕಡೆ ಹಿಡಿದು ಎತ್ತಿಕೊಟ್ಟರು.

ಮೆಟ್ಟಿಲ ಕೆಳಗಿನ ವಾಚು ರಿಪೇರಿ ಅಂಗಡಿ ನನ್ನದು. ನಾನು ಒಳಗೆ ಕೂತರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಗೋಡೆಯ ಮೇಲಿನ ಹನ್ನೊಂದು ಗಡಿಯಾರಗಳಲ್ಲಿ ನಾಲ್ಕು ನಿಂತಿದ್ದವು. ಅವಕ್ಕೆ ಸೆಲ್ಲು ಹಾಕಿ, ಟೈಮು ಕೂಡಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅರ್ಧ ಗಂಟೆಯ ಕೆಲಸ ಅದು.

ನಾನು ದಿನಚರಿ ಬರೆಯುವವನಲ್ಲ. ದಿನದ ಸುದ್ದಿಯೆಲ್ಲ ಇವಳಿಗೆ, ನನ್ನ ಹೆಂಡತಿಗೆ, ಹೇಳುತ್ತಿದ್ದೆ. ಹೇಳುತ್ತಿದ್ದೆ ಅನ್ನುವುದಕ್ಕಿಂತ ಅವಳೇ ಕೆದಕಿ ಕೆದಕಿ ಹೊರಗೆಳೆಯುತ್ತಿದ್ದಳು. "ಯಾರು ಬಂದಿದ್ರು? ಎಂಥಾ ವಾಚು? ಮತ್ತೆ ನೀವೇನಂದ್ರಿ?" ಮಾತಿನಮಲ್ಲಿ ಅಂತ ನನ್ನ ಅಕ್ಕ ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಈಗ ಮನೆಯಲ್ಲಿ ಕೇಳುವವರು ಯಾರೂ ಇಲ್ಲ. ಡ್ರಾಯರಿನಲ್ಲಿ ಬಿಲ್ಲಿಗೆಂದು ತಂದ ಖಾಲಿ ಪುಸ್ತಕ ಇತ್ತು, ಅದರಲ್ಲಿ ಬರೆಯುತ್ತಿದ್ದೇನೆ.

ಆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ. ಫೆಬ್ರವರಿ ಆರು, ಗುರುವಾರ. ಬೆಳಿಗ್ಗೆ ಚೆನ್ನಾಗೇ ಇದ್ದಳು. ಒಂಬತ್ತಕ್ಕೆ ನಾನು ಅಂಗಡಿಗೆ ಹೊರಟೆ. ಮನೆಯಲ್ಲಿ ಅವಳು ಮತ್ತು ಅಕ್ಕ ಇಬ್ಬರೇ. ಅವತ್ತು ಡಬ್ಬಿ ಒಯ್ದಿರಲಿಲ್ಲ, ಎರಡು ಗಂಟೆಗೆ ಊಟಕ್ಕೆಂದು ಬಂದಾಗ ಅಕ್ಕ ಮುಂದಿನ ಕೋಣೆಯಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದಳು. ಇವಳು ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಗೋಡೆಗೆ ಒರಗಿ ಬಿದ್ದಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ಹೃದಯ ನಿಂತಿತ್ತು. "ಒಂದೆರಡು ಗಂಟೆ ಮೊದಲು ತಂದಿದ್ದರೆ" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ ಮಾತು ಬದಲಿಸಿದರು. ಹನ್ನೊಂದೂವರೆ ಹೊತ್ತಿಗೆ "ಅಕ್ಕಾ, ಅಕ್ಕಾ" ಎಂದು ಮೂರು ನಾಲ್ಕು ಸಲ ಕರೆದದ್ದು ಮಹಡಿಯ ಮನೆಯ ಟೈಲರಮ್ಮನಿಗೆ ಕೇಳಿಸಿತ್ತಂತೆ. ದಿನಾ ಇಬ್ಬರೂ ಹೀಗೇ ಕೂಗಾಡುತ್ತಾರಲ್ಲ ಎಂದುಕೊಂಡು ಮಿಷನ್ನು ತುಳಿಯುತ್ತಾ ಕೂತಿದ್ದರಂತೆ.

ಅಕ್ಕನಿಗೆ ಕಿವಿ ಮಂದ. ಕಿವಿ ಮಿಷನ್ನು ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ. "ಸೆಲ್ಲು ಹೋಗಿತ್ತು ಕಣೋ ಪುಟ್ಟಾ, ಒಂದೂ ಕೇಳಿಸ್ಲಿಲ್ಲ" ಎಂದಳು. ಆ ಸೆಲ್ಲು ಹಾಕಿಕೊಟ್ಟವನು ನಾನು. ಮೂರನೆಯ ತಾರೀಕು ಸೋಮವಾರ ಹಾಕಿದ್ದೆ. ಗುರುವಾರ ಅಂದರೆ ನಾಲ್ಕನೆಯ ದಿನ.

ಫೆಬ್ರವರಿ 26, ಬುಧವಾರ

ಸೆಲ್ಲಿನ ಏಜೆಂಟ್ ಬಂದಿದ್ದ. ದೊಡ್ಡ ಚೀಲ, ಬಾಯ್ತುಂಬಾ ಮಾತು. ವಿಷಯ ಗೊತ್ತಾಗಿ ಐದು ನಿಮಿಷ ತಲೆ ತಗ್ಗಿಸಿ ಕೂತ. ಆಮೇಲೆ ಅಭ್ಯಾಸಬಲದಿಂದ ಚೀಲ ಬಿಚ್ಚಿದ.

ಕಿವಿ ಮಿಷನ್ನಿಗೆ ನಾನು ಮೊದಲಿನಿಂದಲೂ ಹಳದಿ ಪೊಟ್ಟಣದ ಸೆಲ್ಲನ್ನೇ ಹಾಕುತ್ತಿದ್ದವನು. ಹತ್ತು ದಿನ ಬರುತ್ತಿತ್ತು. ಜನವರಿಯಲ್ಲಿ ಹಳದಿ ಬರಲಿಲ್ಲ, ನೀಲಿ ತಗೊಳ್ಳಿ ಅಂದವನು ಇವನೇ.

"ನೀಲಿ ಹೆಂಗೆ?" ಎಂದು ಕೇಳಿದೆ.

"ಅಯ್ಯೋ ಕಣ್ಮುಚ್ಚಿ ಹಾಕಿ ಸಾರ್. ಹಳದಿ, ನೀಲಿ ಎಲ್ಲಾ ಒಂದೇ ಫ್ಯಾಕ್ಟರಿ ಮಾಲು ಅಂತಾರೆ. ಹೊರಗಡೆ ಬಟ್ಟೆ ಮಾತ್ರ ಬೇರೆ."

"ನಾಕು ದಿನಕ್ಕೆ ಹೋಗುತ್ತಾ?"

"ನಾಕು ದಿನಕ್ಕಾ? ಚಾನ್ಸೇ ಇಲ್ಲ. ಯಾರು ಹೇಳಿದ್ರು?"

ಚೀಲದಲ್ಲಿ ಹಸಿರು ಪೊಟ್ಟಣದ ಇನ್ನೊಂದು ಬ್ರ್ಯಾಂಡು ಇತ್ತು, ಅದರದ್ದು ಒಂದು ಪಟ್ಟಿ ತೆಗೆದುಕೊಂಡೆ, ಹಳದಿ ಒಂದು ಪಟ್ಟಿ ತೆಗೆದುಕೊಂಡೆ. ನೀಲಿ ನನ್ನಲ್ಲಿ ಇದೆ. ಅಕ್ಕನಿಗೆ ಒಂದು ಸೆಲ್ಲು ಹರಿದುಕೊಟ್ಟ ಅದೇ ಪಟ್ಟಿ. ಆರರಲ್ಲಿ ಐದು ಉಳಿದಿವೆ.

ಮೂವತ್ತೆರಡು ವರ್ಷದಿಂದ ಸೆಲ್ಲು ಮಾರುತ್ತಿದ್ದೇನೆ. ವಾಚಿಗೆ ಸಾದಾ ಸೆಲ್ಲು ಹಾಕಬೇಡಿ, ಬೆಳ್ಳಿಯ ಸೆಲ್ಲೇ ಹಾಕಿಸಿ, ಸಾದಾದು ಅಳತೆಯಲ್ಲಿ ಒಂದೇ ಆದರೂ ವರ್ಷದೊಳಗೆ ಉಪ್ಪು ಬಿಟ್ಟು ಒಳಗಿನ ಚಕ್ರ ತಿಂದುಹಾಕುತ್ತದೆ ಎಂದು ಗಿರಾಕಿಗಳಿಗೆ ಪಾಠ ಹೇಳುತ್ತೇನೆ. ಗೋಡೆ ಗಡಿಯಾರಕ್ಕೆ ಯಾವುದು, ಟಾರ್ಚಿಗೆ ಯಾವುದು, ರಿಮೋಟಿಗೆ ಯಾವುದು, ಎಲ್ಲ ನಾಲಿಗೆಯ ತುದಿಯಲ್ಲಿದೆ. ನನ್ನ ಮನೆಯಲ್ಲಿ, ಒಬ್ಬರ ಕಿವಿಗೆ ಹಾಕುವ ಸೆಲ್ಲನ್ನು ಪರೀಕ್ಷಿಸದೆ ಹಾಕಿಕೊಟ್ಟೆ.

ಫೆಬ್ರವರಿ 28, ಶುಕ್ರವಾರ

ರೇಡಿಯೋ ರಿಪೇರಿಯವರ ಹತ್ತಿರ ಹೋಗಿ ವಿಷಯ ಹೇಳಿದೆ. ಕಿವಿ ಮಿಷನ್ನು ಎಳೆಯುವಷ್ಟೇ ಕರೆಂಟು ಎಳೆಯುವ ಹಾಗೆ ಒಂದೊಂದು ಸೆಲ್ಲಿಗೂ ಒಂದೊಂದು ಪುಟ್ಟ ರೆಸಿಸ್ಟರ್ ಬೇಕಿತ್ತು. ಲೆಕ್ಕ ಹಾಕಿ, ಡಬ್ಬಿ ಹುಡುಕಿ, ಒಂಬತ್ತು ತೆಗೆದುಕೊಟ್ಟರು.

"ಗೊತ್ತಾಗಿ ಏನು ಮಾಡ್ತೀರಿ?" ಎಂದು ಕೇಳಿದರು.

"ಗೊತ್ತಾಗಬೇಕು ಅಷ್ಟೇ."

"ನೂರರಲ್ಲಿ ಒಂದು ಸೆಲ್ಲು ಹುಟ್ಟುತ್ತಲೇ ಸತ್ತಿರುತ್ತೆ. ಅದು ನಿಮ್ಮ ಕೈಗೇ ಬಂತು ಅಂದ್ಕೊಂಡು ಬಿಟ್ಬಿಡಿ."

ಬಿಡುವುದಾದರೆ ಇಲ್ಲಿಗೆ ಏಕೆ ಬರುತ್ತಿದ್ದೆ. ಮನುಷ್ಯ ಒಳ್ಳೆಯವರು, ಮುಂದೆ ಕೇಳಲಿಲ್ಲ. ಮರದ ಹಲಗೆಯ ಮೇಲೆ ಸೆಲ್ಲು ಕೂರಿಸುವ ಒಂಬತ್ತು ಮನೆ ಮಾಡಿಕೊಟ್ಟರು.

ನಿಯಮ: ನೀಲಿ ಐದು, ಹಳದಿ ಎರಡು, ಹಸಿರು ಎರಡು. ನಾಳೆಯಿಂದ ಶುರು. ಹಿಂದಿನ ಅಂಟುಚೀಟಿ ಕಿತ್ತು, ಗಾಳಿ ತಾಗಲು ಎರಡು ನಿಮಿಷ ಬಿಟ್ಟು, ಹಲಗೆಗೆ ಕೂರಿಸುವುದು. ಗಾಳಿ ತಾಗಿದ ಮೇಲೆಯೇ ಈ ಜಾತಿಯ ಸೆಲ್ಲು ಎಚ್ಚರವಾಗುವುದು. ಬೆಳಿಗ್ಗೆ ಏಳಕ್ಕೆ ಸೇರಿಸುವುದು, ರಾತ್ರಿ ಹತ್ತಕ್ಕೆ ಬಿಡಿಸುವುದು. ಅಕ್ಕ ಮಿಷನ್ನು ಹಾಕಿಕೊಳ್ಳುವ ಹೊತ್ತೂ ಅದೇ. ಮೀಟರಿನಲ್ಲಿ ಒಂದು ಪಾಯಿಂಟ್ ಒಂದು ವೋಲ್ಟಿಗಿಂತ ಕೆಳಗಿಳಿದರೆ ಸತ್ತಂತೆ.

ಹಲಗೆ ನನ್ನ ಊಟದ ಡಬ್ಬಿಯ ಚೀಲದಲ್ಲಿ ಸರಿಯಾಗಿ ಕೂರುತ್ತದೆ. ಡಬ್ಬಿ ಈಗ ಇಲ್ಲವಲ್ಲ.

ಮಾರ್ಚ್ 2, ಭಾನುವಾರ

ಮನೆಯಲ್ಲೇ ಇದ್ದೆ. ಅಕ್ಕನೂ ಇದ್ದಳು. ನಮ್ಮ ಅಮ್ಮ ಸತ್ತಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನೆಂಟು. ಮದುವೆ ಗಿದುವೆ ಅಂದವರನ್ನೆಲ್ಲ ಬಾಗಿಲಿಂದಲೇ ಕಳಿಸಿ ನನ್ನನ್ನು ಸಾಕಿದವಳು. ಐವತ್ತೇಳಾದರೂ ನಾನು ಅವಳಿಗೆ ಪುಟ್ಟನೇ. ಇವಳು ಮದುವೆಯಾಗಿ ಬಂದ ದಿನದಿಂದ ಇಬ್ಬರಿಗೂ ಒಂದೇ ಒಲೆ, ಒಂದೇ ನಲ್ಲಿ, ಒಬ್ಬನೇ ನಾನು. ಜಗಳಕ್ಕೆ ಬರ ಇರಲಿಲ್ಲ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ರಾತ್ರಿಯಿಡೀ ಹಣೆಗೆ ಬಟ್ಟೆ ಹಾಕುತ್ತಾ ಕೂರುತ್ತಿದ್ದುದೂ ನಿಜ. ಬೆಳಿಗ್ಗೆ ಮತ್ತೆ ಶುರು.

ಇವತ್ತು ಇಬ್ಬರೂ ಎದುರುಬದುರು ಕೂತು ಅನ್ನ ತಿಂದೆವು. ಅಕ್ಕ ಮಿಷನ್ನು ಹಾಕಿಕೊಂಡಿದ್ದಳು, ಹಳದಿ ಸೆಲ್ಲು.

"ಸೆಲ್ಲು ಮುಗಿಯೋ ಮೊದಲು ಮಿಷನ್ನು ಪೀಂ ಪೀಂ ಅಂತಿತ್ತಲ್ಲ, ಅವತ್ತು ಅಂದಿತ್ತಾ?" ಎಂದು ಕೇಳಿದೆ.

"ನೆನಪಿಲ್ಲ ಕಣೋ."

"ಆ ಸೆಲ್ಲು ಎಲ್ಲಿ?"

"ಎಲ್ಲೋ ಬಿಸಾಕಿದೆ. ಅದನ್ನ ಯಾಕೆ ಕೇಳ್ತೀಯ? ಅನ್ನ ತಿನ್ನು."

ತಟ್ಟೆ ತೊಳೆಯುವಾಗ ಒಂದು ನೆನಪಾಯಿತು. ಅವತ್ತು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಇವಳು ಬಾಗಿಲಿಗೆ ಬಂದು ಏನೋ ಅಂದಳು. ನಾನು ಮನೆಯಿಂದ ಹೊರಡುವಾಗ ಅವಳು ಏನಾದರೂ ಅನ್ನದೆ ಬಿಟ್ಟ ದಿನವೇ ಇಲ್ಲವಲ್ಲ.

ಮಾರ್ಚ್ 4, ಮಂಗಳವಾರ

ನಾಲ್ಕನೆಯ ದಿನ.

ರಾತ್ರಿ ಬಿಡಿಸುವಾಗ ಒಂಬತ್ತಕ್ಕೆ ಒಂಬತ್ತೂ ಜೀವಂತ. ನೀಲಿ ಐದೂ ಒಂದು ಪಾಯಿಂಟ್ ಎರಡರ ಮೇಲೆಯೇ.

ಮಾರ್ಚ್ 6, ಗುರುವಾರ

ಹಸಿರು ಎರಡೂ ಸತ್ತವು. ಆರನೆಯ ದಿನ ಮಧ್ಯಾಹ್ನ. ಕಳಪೆ ಮಾಲು. ಏಜೆಂಟಿಗೆ ಹೇಳಬೇಕು.

ಇವತ್ತಿಗೆ ನಾಲ್ಕು ವಾರ.

ಮಾರ್ಚ್ 7, ಶುಕ್ರವಾರ

ಒಬ್ಬ ಮೇಷ್ಟ್ರು, ರಿಟೈರ್ ಆದವರು, ಹೆಂಡತಿಯ ವಾಚು ತಂದಿದ್ದರು. ಕೈಬೆರಳಿನ ಉಗುರಿನಷ್ಟು ಚಿಕ್ಕ ವಾಚು. ಸೆಲ್ಲು ಹಾಕುವ ಮೊದಲು ವಿಚಾರಣೆ ಶುರು.

"ಇದರಲ್ಲಿ ಬೆಸ್ಟ್ ಬ್ರ್ಯಾಂಡ್ ಯಾವುದು?"

"ಇದು ಎರಡು ವರ್ಷ ಬರುತ್ತೆ. ಇದು ಒಂದೂವರೆ. ಇದನ್ನು ಹಾಕಲ್ಲ, ಸೋರುತ್ತೆ."

"ಎರಡು ವರ್ಷ ಗ್ಯಾರಂಟೀನಾ?"

"ಗ್ಯಾರಂಟಿ ಯಾವುದಕ್ಕಿದೆ ಸಾರ್."

ನಾನು ಹೇಳಿದ ರೀತಿಗೆ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮುಚ್ಚಳ ಹಾಕಿ ಕೊಟ್ಟೆ. ವಾಚನ್ನು ಕಿವಿಗೆ ಹಿಡಿದು ಕೇಳಿ, "ನಡೀತಿದೆ, ನಡೀತಿದೆ. ಮನೇಲಿ ಬೈಸಿಕೊಳ್ಳೋದು ತಪ್ಪಿತು" ಎಂದು ನಗುತ್ತಾ ಹೋದರು. ಸೆಲ್ಲಿನ ವಾಚಿನಲ್ಲಿ ಏನು ಕೇಳಿಸುತ್ತದೆ ಅಂತ ಮಹಾ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದೆ.

ಒಂದು ಮಾತು ಬರೆದುಬಿಡುತ್ತೇನೆ, ಯಾರೂ ಓದುವುದಿಲ್ಲವಲ್ಲ. ನೀಲಿ ಸೆಲ್ಲು ಬೇಗ ಸಾಯಲಿ ಅಂತ ಕಾಯುತ್ತಿದ್ದೇನೆ. ಗಂಟೆಗೊಂದು ಸಲ ಮೀಟರು ಹಿಡಿಯುತ್ತೇನೆ. ಸೆಲ್ಲು ಸತ್ತರೆ ನನ್ನ ತಪ್ಪು ಇಷ್ಟೇ ಇಷ್ಟು, ಬೆರಳ ತುದಿಯ ಮೇಲೆ ಕೂರುವಷ್ಟು. ಸಾಯದಿದ್ದರೆ ಏನು ಅನ್ನುವುದನ್ನು ಯೋಚಿಸಿಲ್ಲ.

ಅವತ್ತು ಬೆಳಿಗ್ಗೆ ಬಾಗಿಲಿಗೆ ಬಂದಾಗ ಇವಳ ಕೈ ಎದೆಯ ಮೇಲಿತ್ತು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈ. ಬಟ್ಟೆಯ ಮೇಲೆ ಅಂಗೈಯಷ್ಟು ಒದ್ದೆಯಾಗಿತ್ತು. ಕೈ ಒರೆಸಿಕೊಳ್ಳುತ್ತಿದ್ದಳು ಅಂದುಕೊಂಡೆ. ಹಾಗೇ ಇರಬೇಕು.

ಮಾರ್ಚ್ 9, ಭಾನುವಾರ

ನಿನ್ನೆ ಸಂಜೆ ನೀಲಿಯಲ್ಲಿ ಒಂದು ಹೋಯಿತು, ಎಂಟನೆಯ ದಿನ. ಇವತ್ತು ಮೂರು ಹೋದವು. ಇನ್ನೊಂದು ಉಸಿರು ಹಿಡಿದಿದೆ. ಹಳದಿ ಎರಡೂ ಇವೆ.

ಮಾರ್ಚ್ 10, ಸೋಮವಾರ

ಹತ್ತನೆಯ ದಿನ. ನೀಲಿಯ ಕೊನೆಯದು ಬೆಳಿಗ್ಗೆ ಎಂಟಕ್ಕೆ ಹೋಯಿತು. ಹಳದಿ ಎರಡೂ ಸಂಜೆಗೆ ಹೋದವು.

ಹಲಗೆ ಖಾಲಿ ಮಾಡಿ ಸತ್ತ ಸೆಲ್ಲುಗಳನ್ನು ಡಬ್ಬಿಗೆ ಹಾಕಿದೆ. ಏಜೆಂಟ್ ಹೇಳಿದ್ದು ಸರಿ. ಹಳದಿ, ನೀಲಿ ಎರಡಕ್ಕೂ ಒಂದು ದಿನದ ಅಂತರ, ಅಷ್ಟೇ. ಹಸಿರನ್ನು ಮಾತ್ರ ಅಂಗಡಿಯೊಳಗೆ ಸೇರಿಸಬಾರದು. ನೂರರಲ್ಲಿ ಒಂದು ಅಂತ ರೇಡಿಯೋದವರು ಹೇಳಿದ್ದಾರೆ. ಇದ್ದರೂ ಇರಬಹುದು.

ಅಕ್ಕನಿಗೆ ತೋರಿಸಬೇಕು. ಅವಳೂ ಒಳಗೊಳಗೇ ಕೊರಗುತ್ತಿದ್ದಾಳೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಟೀ ಕುಡಿಯುವಾಗ ಹಾಳೆ ಕೈಗೆ ಕೊಟ್ಟೆ. ಬ್ರ್ಯಾಂಡು, ದಿನ, ಗಂಟೆ, ಎಲ್ಲ ಗೀಟು ಹೊಡೆದು ಬರೆದದ್ದು. ಅಕ್ಕ ಕನ್ನಡಕ ಹಾಕಿ ಮೇಲಿಂದ ಕೆಳಗೆ ಓದಿದಳು. ಮತ್ತೆ ಮೇಲಿಂದ ಓದಿದಳು.

"ಇದೇನೋ ಇದು?"

"ಸೆಲ್ಲು ಎಷ್ಟು ದಿನ ಬರುತ್ತೆ ಅಂತ ನೋಡಿದೆ. ನಿನಗೆ ಹಾಕಿಕೊಟ್ಟೆನಲ್ಲ, ಅದೇ ಪಟ್ಟೀದು. ಎಂಟು ದಿನದ ಒಳಗೆ ಒಂದೂ ಹೋಗಿಲ್ಲ. ನಿನ್ನದು ಒಂದು ಕೆಟ್ಟದ್ದು ಬಂದಿರಬೇಕು. ನೂರರಲ್ಲಿ ಒಂದು ಬರುತ್ತಂತೆ."

"ಹನ್ನೊಂದು ದಿನದಿಂದ ನೀನು ಇದನ್ನ ಮಾಡ್ತಿದ್ಯಾ?"

"ಹತ್ತು."

ಹಾಳೆ ಮಡಿಸಿದಳು. ನಾಲ್ಕು ಮಡಿಕೆ ಮಾಡಿದಳು. ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟಳು.

"ಸೆಲ್ಲು ಹೋಗಿರಲಿಲ್ಲ ಪುಟ್ಟಾ."

ನನಗೆ ಅರ್ಥವಾಗಲಿಲ್ಲ.

"ಮಿಷನ್ನನ್ನ ನಾನೇ ತೆಗೆದಿಟ್ಟಿದ್ದೆ. ಬೆಳಿಗ್ಗೆ ಹಾಲು ತಳ ಹಿಡಿಸಿದೆ ಅಂತ ಶುರು ಮಾಡಿದಳು. ನೀನು ಹೋದ ಮೇಲೂ ಬಿಡ್ಲಿಲ್ಲ. ಒಲೆ ಹತ್ರ ನಿಂತಾಗ ಹೇಳಿದಳು, ಪಾತ್ರೆ ಉಜ್ಜುತ್ತಾ ಹೇಳಿದಳು. ನನಗೆ ಸಾಕಾಯ್ತು. ತೆಗೆದು ಡಬ್ಬಿಯೊಳಗೆ ಇಟ್ಟೆ. ಸ್ವಲ್ಪ ಹೊತ್ತು ಅಂತ. ಇಟ್ಟ ಮೇಲೆ..." ಬಾಯಿ ಸೊಟ್ಟಗಾಯಿತು. "ಇಟ್ಟ ಮೇಲೆ ಹಿತವಾಗಿತ್ತು ಕಣೋ. ಮನೆಯೆಲ್ಲಾ ತಣ್ಣಗಿತ್ತು. ಎಷ್ಟು ಹಿತವಾಗಿತ್ತು ಅಂದ್ರೆ ನೀನು ಬಂದು ಕೂಗೋವರೆಗೂ ಹಾಕ್ಕೊಳ್ಳಲಿಲ್ಲ."

ನಾನು ಎದ್ದು ಅಂಗಡಿಗೆ ಹೋದೆ. ಏಳೂವರೆಗೆ. ರಸ್ತೆ ಗುಡಿಸುವವರೂ ಬಂದಿರಲಿಲ್ಲ.

ಮಾರ್ಚ್ 12, ಬುಧವಾರ

ಅಕ್ಕನ ಹತ್ತಿರ ಮಾತಾಡಲಿಲ್ಲ.

ಮಾರ್ಚ್ 13, ಗುರುವಾರ

ಇವತ್ತೂ ಇಲ್ಲ. ಅವಳು ತಟ್ಟೆ ಇಟ್ಟಳು. ತಿನ್ನಲಿಲ್ಲ. ಹೋಟೆಲಿನಲ್ಲಿ ತಿಂದು ಬಂದೆ.

ಮಾರ್ಚ್ 16, ಭಾನುವಾರ

ನಾಲ್ಕೈದು ಹೆಜ್ಜೆ. ಮುಂದಿನ ಕೋಣೆಯಿಂದ ಬಟ್ಟೆ ಒಗೆಯುವ ಜಾಗಕ್ಕೆ ಅಡುಗೆಮನೆ ದಾಟಿ ನಾಲ್ಕೈದು ಹೆಜ್ಜೆ. ಇವತ್ತು ಮೂರು ಸಲ ಅಳೆದೆ. ಅಕ್ಕ ನೋಡುತ್ತಾ ಕೂತಿದ್ದಳು. ಮಿಷನ್ನು ಹಾಕಿಕೊಂಡಿರಲಿಲ್ಲ. ಆ ಮಾತು ಹೇಳಿದ ದಿನದಿಂದ ಹಾಕಿಕೊಂಡೇ ಇಲ್ಲ, ಅದು ಮೇಜಿನ ಮೇಲೆ ಡಬ್ಬಿಯೊಳಗೆ ಕೂತಿದೆ. ಈಗ ಯಾರ ಮಾತು ಕೇಳಬಾರದು ಅಂತ? ನಾನಂತೂ ಆಡುತ್ತಿಲ್ಲ.

ಮನಸ್ಸಿನೊಳಗೆ ಅಕ್ಕನನ್ನು ಎಷ್ಟು ಬೈದಿದ್ದೇನೆ ಎಂದರೆ, ಇವಳಿದ್ದಿದ್ದರೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು. "ನಾನು ಜಗಳ ಆಡಬಹುದು, ನೀವು ನಿಮ್ಮ ಅಕ್ಕನಿಗೆ ಹಂಗೆಲ್ಲಾ ಅನ್ನಬಾರದು" ಎನ್ನುತ್ತಿದ್ದಳು. ಎಷ್ಟೋ ಸಲ ಅಂದಿದ್ದಾಳೆ.

ಸಂಜೆ ಅಕ್ಕ ಒಂದು ಚೀಟಿ ಬರೆದು ನನ್ನ ಮುಂದಿಟ್ಟಳು. ಮಂಗಳವಾರ ದೊಡ್ಡಮ್ಮನ ಮಗಳ ಮನೆಗೆ ಹೋಗುತ್ತೇನೆ, ಅಲ್ಲೇ ಇರುತ್ತೇನೆ, ಬಸ್ಸು ಹತ್ತಿಸು ಸಾಕು.

ಆಯಿತು ಎಂದು ತಲೆಯಾಡಿಸಿದೆ.

ಮಾರ್ಚ್ 17, ಸೋಮವಾರ

ಅಕ್ಕ ಬಟ್ಟೆ ಜೋಡಿಸಿಕೊಂಡಳು. ಐವತ್ತು ವರ್ಷ ಈ ಮನೆ ನಡೆಸಿದವಳ ಸಾಮಾನು ಒಂದೇ ಚೀಲದಲ್ಲಿ ಹಿಡಿಯಿತು.

ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಒಂದು ವಾಚಿನ ಸ್ಕ್ರೂ ಬೀಳಿಸಿ ಎರಡು ಗಂಟೆ ಹುಡುಕಿದೆ.

ಏಕೆ ಮುಚ್ಚಿಡಲಿ? ಅವತ್ತು ಬಾಗಿಲಲ್ಲಿ ಇವಳು ಕೈ ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಅಂದದ್ದು ನನಗೆ ಅಕ್ಷರ ಅಕ್ಷರವೂ ಕೇಳಿಸಿತ್ತು. ಅವತ್ತೇ ಕೇಳಿಸಿತ್ತು. ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಮಾರ್ಚ್ 18, ಮಂಗಳವಾರ

ಹತ್ತು ಗಂಟೆಗೆ ಬಸ್ ನಿಲ್ದಾಣಕ್ಕೆ ಹೋದೆವು. ಚೀಲ ನಾನು ಹಿಡಿದಿದ್ದೆ. ಸಿಮೆಂಟಿನ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತೆವು. ಬಸ್ಸುಗಳ ಸದ್ದು, ಕಂಡಕ್ಟರುಗಳ ಕೂಗು, ಮೈಕಿನವನು ಯಾವ ಬಸ್ಸು ಎಲ್ಲಿಗೆ ಅಂತ ಅರಚುತ್ತಿದ್ದ. ಅಕ್ಕ ಇದ್ಯಾವುದೂ ತನಗೆ ಸಂಬಂಧವಿಲ್ಲದ ಹಾಗೆ ಚಪ್ಪಲಿಯ ತುದಿ ನೋಡುತ್ತಾ ಕೂತಿದ್ದಳು. ಸಂಬಂಧವಿರಲೂ ಇಲ್ಲ, ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಬರುವಾಗ ಮೇಜಿನ ಮೇಲಿದ್ದ ಮಿಷನ್ನನ್ನು ಜೇಬಿಗೆ ಹಾಕಿಕೊಂಡು ಬಂದಿದ್ದೆ. ತೆಗೆದು ಕೊಟ್ಟೆ. ಕೈಯಿಂದ ತಳ್ಳಿದಳು.

"ನನಗೆ ಅದು ಬೇಡ ಪುಟ್ಟಾ. ಇನ್ನು ಏನು ಕೇಳಬೇಕಾಗಿದೆ ನಾನು."

"ನನಗೆ ಹೇಳೋದಿದೆ" ಎಂದೆ.

"ಏನು?"

"ಹೇಳೋದಿದೆ!"

"ಏನಂತೀಯೋ, ಕೇಳಿಸ್ತಿಲ್ಲ."

ಮಿಷನ್ನನ್ನು ಮತ್ತೆ ಚಾಚಿದೆ. ಮತ್ತೆ ತಳ್ಳಿದಳು, ಮುಖ ತಿರುಗಿಸಿದಳು. ಅವಳ ಬಸ್ಸು ಬಂದು ನಿಂತಿತು. ಚೀಲಕ್ಕೆ ಕೈ ಹಾಕಿದಳು. ನಾನು ಚೀಲ ಬಿಡಲಿಲ್ಲ.

"ಎದೆನೋವು ಅಂದಿದ್ದಳು ಅಕ್ಕಾ!" ಎಂದು ಕೂಗಿದೆ. "ಬೆಳಿಗ್ಗೆ! ನನಗೆ! ಬಾಗಿಲಲ್ಲಿ!"

ಅವಳು ನನ್ನ ಬಾಯಿಯನ್ನೇ ನೋಡಿದಳು.

"ರೀ, ಯಾಕೋ ಎದೆ ಬಿಗಿಯಾಗ್ತಿದೆ, ಒಂದು ಗಂಟೆ ಬಿಟ್ಟು ಹೋಗಿ ಅಂದಳು! ನಿಮ್ಮಿಬ್ಬರ ಜಗಳದ ಪಂಚಾಯ್ತಿಗೆ ನನ್ನನ್ನ ಕೂರಿಸ್ತಾಳೆ ಅಂತ ನಾನು ನಿಲ್ಲಲಿಲ್ಲ! ಬಿಸಿನೀರು ಕುಡಿ, ಮಧ್ಯಾಹ್ನ ನೋಡೋಣ ಅಂತ ಹೇಳಿ ಹೋದೆ! ನನ್ನ ಕಿವಿ ಚೆನ್ನಾಗೇ ಇತ್ತು ಅಕ್ಕಾ! ಕೇಳಿಸಿತ್ತು ನನಗೆ!"

ಇಷ್ಟು ಜೋರಾಗಿ ನಾನು ಹುಟ್ಟಿದಾಗಿನಿಂದ ಮಾತಾಡಿಲ್ಲ. ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು. ಮಗು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು. ಮೈಕಿನವನೂ ಒಂದು ಕ್ಷಣ ಸುಮ್ಮನಾದ ಅನ್ನಿಸಿತು.

"ಮೆಲ್ಲಗೆ ಹೇಳೋ" ಎಂದಳು ಅಕ್ಕ. "ಜನ ನೋಡ್ತಿದಾರೆ."

ಬೆಂಚಿನ ಮೇಲೆ ಕೂತುಬಿಟ್ಟೆ. ಐವತ್ತೇಳು ವರ್ಷದವನು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, ಬಸ್ ನಿಲ್ದಾಣದಲ್ಲಿ ಅತ್ತೆ. ಫೆಬ್ರವರಿ ಆರರಿಂದ ಇವತ್ತಿನವರೆಗೆ ಅತ್ತಿರಲಿಲ್ಲ.

ಅಕ್ಕ ಸಮಾಧಾನ ಮಾಡಲಿಲ್ಲ. ಆಮೇಲೆ ಅವಳ ದನಿ ಕೇಳಿಸಿತು.

"ನನಗೆ ಒಂದು ಮಾತು ಹೇಳಿ ಹೋಗಿದ್ದಿದ್ರೆ, ಅವಳಿಗೆ ಹುಷಾರಿಲ್ಲ ನೋಡ್ಕೋ ಅಂತ, ನಾನು ತೆಗೆದಿಡ್ತಿರಲಿಲ್ಲ ಪುಟ್ಟಾ. ದೇವರಾಣೆಗೂ ತೆಗೆದಿಡ್ತಿರಲಿಲ್ಲ."

"ಗೊತ್ತು" ಎಂದೆ. ಕೇಳಿಸಿತೋ ಇಲ್ಲವೋ.

"ಒಂದೂವರೆ ತಿಂಗಳು ನನ್ನ ಮುಂದೆ ಸೆಲ್ಲು ಸೆಲ್ಲು ಅಂತ ಇದ್ದೆಯಲ್ಲೋ."

"ನೀನೂ ಇದ್ದೆಯಲ್ಲ."

ಇದು ಮಾತ್ರ ಕೇಳಿಸಿರಬೇಕು. ಅಥವಾ ಮುಖದಲ್ಲೇ ಓದಿದಳು. ತಲೆಯಾಡಿಸಿದಳು.

ಬಸ್ಸು ಹೊರಟಿತು. ಕಂಡಕ್ಟರು "ಅಜ್ಜೀ, ಬರ್ತೀರಾ ಇಲ್ವಾ?" ಎಂದು ಬಾಗಿಲಿಂದ ಕೂಗಿದ. ಅಕ್ಕ ಅವನತ್ತ ನೋಡಲಿಲ್ಲ. ಹನ್ನೆರಡರ ಬಸ್ಸೂ ಹೋಯಿತು. ಆಮೇಲೆ ಅವಳೇ ಎದ್ದು ಚೀಲದ ಒಂದು ಹಿಡಿಕೆ ಹಿಡಿದಳು, ಇನ್ನೊಂದು ಹಿಡಿಕೆ ನನ್ನ ಕೈಯಲ್ಲಿತ್ತು. ಹಾಗೇ ನಡೆದು ಮನೆಗೆ ಬಂದೆವು.

ಮಾರ್ಚ್ 20, ಗುರುವಾರ

ನಾನು ಅವಳನ್ನು ಕ್ಷಮಿಸಿದೆನೋ ಗೊತ್ತಿಲ್ಲ. ಅವಳು ನನ್ನನ್ನು ಕ್ಷಮಿಸಿದಳೋ ಅದೂ ಗೊತ್ತಿಲ್ಲ. ಬೆಳಿಗ್ಗೆ ಅನ್ನಕ್ಕೆ ನೀರು ಹೆಚ್ಚಾಗಿತ್ತು. "ನೀರು ಜಾಸ್ತಿ ಆಯ್ತು ಕಣೋ" ಎಂದಳು. "ಪರವಾಗಿಲ್ಲ" ಎಂದೆ. ಡಬ್ಬಿಗೆ ಹಾಕಿಕೊಟ್ಟಳು. ಅಂಗಡಿಯಲ್ಲಿ ತಿಂದೆ.

ಮಾರ್ಚ್ 23, ಭಾನುವಾರ

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅಕ್ಕ ತಾನಾಗಿಯೇ ಮಿಷನ್ನು ಹಾಕಿಕೊಂಡು ನನ್ನ ಎದುರು ಬಂದು ಕೂತಳು.

"ಬಾಗಿಲಲ್ಲಿ ಅವಳು ಇನ್ನೇನಂದಳು? ಪೂರ್ತಿ ಹೇಳು. ಒಂದೂ ಬಿಡಬೇಡ."

ಹೇಳಿದೆ. ಎದ್ದದ್ದು ಯಾವಾಗ, ಹಲ್ಲುಜ್ಜುವಾಗ ನಲ್ಲಿಯ ವಾಷರ್ ಹೋಗಿದೆ ಎಂದು ಬೈದದ್ದು, ನನ್ನ ಅಂಗಿಯ ಗುಂಡಿ ನೋಡಿ "ಸಂಜೆ ಹೊಲಿದುಕೊಡ್ತೀನಿ, ಬೇರೆ ಹಾಕ್ಕೊಳ್ಳಿ" ಎಂದದ್ದು. ಬಾಗಿಲಲ್ಲಿ ಅಂದದ್ದು. ನಾನು ಹೋಗುವಾಗ ಹಿಂದಿನಿಂದ "ಆಯ್ತು, ಹುಷಾರಾಗಿ ಹೋಗಿ" ಎಂದದ್ದು.

ಆಮೇಲೆ ಅಕ್ಕ ಹೇಳಿದಳು. ಅಲ್ಲಿಂದ ಮುಂದಿನದು ಅವಳ ಹತ್ತಿರ ಇತ್ತು. ಹಾಲಿನ ಪಾತ್ರೆಯ ಜಗಳ, ಇವಳು ಅಂದದ್ದು, ಅಕ್ಕ ತಿರುಗಿ ಅಂದದ್ದು, ಬೇರೆ ಯಾವತ್ತೋ ಆದದ್ದನ್ನೆಲ್ಲ ಎಳೆದು ತಂದದ್ದು. ಇಬ್ಬರ ದನಿಯನ್ನೂ ತಾನೇ ತೆಗೆದು ಹೇಳಿದಳು. ಇವಳ ದನಿ ಅವಳಿಗೆ ಚೆನ್ನಾಗಿ ಬರುತ್ತದೆ. ನನಗೆ ನಗು ಬಂತು. ಅವಳಿಗೂ ಬಂತು.

"ಆಮೇಲೆ ತೆಗೆದಿಟ್ಟೆ" ಎಂದಳು.

"ಆಮೇಲೆ?"

"ಆಮೇಲೆ ಬರೀ ಬಾಯಿ ಆಡ್ತಿತ್ತು. ಪಾತ್ರೆ ಮುಗಿಸಿ, ಬಟ್ಟೆ ಬಕೀಟು ಎತ್ಕೊಂಡಳು. ಹೋಗೋಳು ನಿಂತಳು. ನನ್ನ ಕಡೆ ತಿರುಗಿ ಏನೋ ಕೇಳಿದಳು ಕಣೋ."

"ಕೋಪದಲ್ಲಾ?"

"ಇಲ್ಲ. ಕೋಪ ಇಳಿದಿತ್ತು. ಏನೋ ಕೇಳಿದಳು. ನಾನು ಹೂಂ ಅಂದೆ. ಏನು ಕೇಳಿದಳು ಅಂತ ಗೊತ್ತಿಲ್ಲದೇನೇ ಹೂಂ ಅಂದೆ. ಅವಳು ತಲೆ ಆಡಿಸಿ ಹಿಂದಕ್ಕೆ ಹೋದಳು."

ಏನು ಕೇಳಿರಬಹುದು ಎಂದು ಇಬ್ಬರೂ ಯೋಚಿಸಿದೆವು. ನಿಮ್ಮ ಬಟ್ಟೆಯೂ ಇದೆಯಾ ಅಂತ ಇರಬೇಕು ಎಂದೆ. ಅದಕ್ಕೆ ಅಷ್ಟು ಹೊತ್ತು ನನ್ನನ್ನು ನೋಡ್ತಿರಲಿಲ್ಲ ಎಂದಳು ಅಕ್ಕ. ಟೀ ಕುಡೀತೀರಾ ಅಂತ ಇರಬಹುದು. ಎದೆ ನೋಯ್ತಿದೆ, ಡಾಕ್ಟರ ಹತ್ರ ಹೋಗೋಣವಾ ಅಂತ ಇರಬಹುದು. ಈ ಕೊನೆಯದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದು, ನೆಲದಿಂದ ಗೋಡೆಗೆ ಏರಿತು.

"ಅವಳು ಎದ್ದಲ್ಲಿಂದ ಇನ್ನೊಂದು ಸಲ ಹೇಳು" ಎಂದಳು ಅಕ್ಕ. "ಎಲ್ಲಾದರೂ ಒಂದು ಮಾತು ಬಿಟ್ಟಿದ್ದೀವೇನೋ."

ಮೊದಲಿಂದ ಶುರು ಮಾಡಿದೆ.